ಹ್ಯಾಂಬರ್ಗ್: ವರ್ತಕನ ಮಾನ, ನಗರದ ಮಾನ

ಪ್ರತಿ ವರ್ಷದ ಕೊನೆಯ ದಿನಗಳಲ್ಲಿ ಜರ್ಮನಿಯ ಹ್ಯಾಂಬರ್ಗ್ ನಗರದ ವಾಣಿಜ್ಯ ಮಂಡಳಿಯ ಭವನದಲ್ಲಿ ನೂರಾರು ವರ್ತಕರು ಸೇರುತ್ತಾರೆ. ಮಂಡಳಿಯ ಅಧ್ಯಕ್ಷರು ಕಳೆದ ವರ್ಷದ ವ್ಯಾಪಾರದ ಏಳುಬೀಳುಗಳನ್ನು ಸಭೆಯ ಮುಂದಿಡುತ್ತಾರೆ. ನಗರದ ಆಡಳಿತಕ್ಕೆ ಹೇಳಬೇಕಾದ ಮಾತನ್ನು ನೇರವಾಗಿಯೇ ಹೇಳುತ್ತಾರೆ. ಆಡಳಿತಗಾರರೂ ಅಲ್ಲಿ ಸಭಿಕರಾಗಿ ಕುಳಿತು ಕೇಳುವುದು ವಾಡಿಕೆ. ಈ ಕೂಟದ ಹೆಸರನ್ನು ಕನ್ನಡಿಸಿದರೆ ‘ಮಾನವಂತ ವರ್ತಕರ ಸಭೆ’ ಎಂದಾಗುತ್ತದೆ. ಇದೇ ಹೆಸರಿನ ವರ್ತಕರ ಸಂಘವು ತನ್ನ ಮೂಲವನ್ನು 1517ರಷ್ಟು ಹಿಂದಕ್ಕೆ ಗುರುತಿಸಿಕೊಳ್ಳುತ್ತದೆ.

ವ್ಯಾಪಾರಕ್ಕೂ ಮಾನಕ್ಕೂ ಗಂಟು ಹಾಕಿದ ಈ ಹೆಸರು ಕೇವಲ ಅಲಂಕಾರವಲ್ಲ. ಜರ್ಮನಿಯ ವಾಣಿಜ್ಯ ಮಂಡಳಿಗಳಿಗೆ ಸಂಬಂಧಿಸಿದ 1956ರ ಕಾಯಿದೆಯು ಮಾನವಂತ ವರ್ತಕನ ನಡವಳಿಕೆಯನ್ನು ಕಾಪಾಡುವುದು ಮಂಡಳಿಗಳ ಕರ್ತವ್ಯಗಳಲ್ಲೊಂದು ಎಂದು ವಿಧಿಸಿದೆ. ತೆರಿಗೆ, ಸುಂಕ, ರಸ್ತೆ, ವಿದ್ಯುತ್ತು ಇತ್ಯಾದಿಗಳ ಕುರಿತು ಸರ್ಕಾರಕ್ಕೆ ಮನವಿ ಸಲ್ಲಿಸುವುದಷ್ಟೇ ಮಂಡಳಿಯ ಕೆಲಸವಲ್ಲ, ತನ್ನ ಸದಸ್ಯರ ನಡತೆಗೂ ಅದು ಹೊಣೆ ಎಂಬುದು ಇದರ ಅರ್ಥ. ಈ ಭಾವನೆ ಹುಟ್ಟಿದ ಬಗೆಯನ್ನೂ, ಅದು ಗೆದ್ದ ಹಾಗೂ ಸೋತ ಸಂದರ್ಭಗಳನ್ನೂ ತಿಳಿಯಬೇಕಾದರೆ ಹ್ಯಾಂಬರ್ಗಿನ ಇತಿಹಾಸವನ್ನು ಲೆಕ್ಕದ ಪುಸ್ತಕದಂತೆ ಎರಡೂ ಬದಿಯಿಂದ ಓದಬೇಕು. ಜಮೆಯ ಬದಿಯನ್ನು ಮಾತ್ರ ಓದಿ ಹೊಗಳುವುದು ಸುಲಭ; ಖರ್ಚಿನ ಬದಿಯೇ ಹೆಚ್ಚು ಕಲಿಸುವಂಥದು.

ನದಿ, ಸುಂಕ ಮತ್ತು ಒಂದು ಖೋಟಾ ಸನ್ನದು

ಹ್ಯಾಂಬರ್ಗ್ ಬಂದರು ಸಮುದ್ರತೀರದಲ್ಲಿಲ್ಲ. ಎಲ್ಬೆ ನದಿಯ ಮುಖದಿಂದ ಸುಮಾರು ನೂರು ಕಿಲೋಮೀಟರಿಗೂ ಹೆಚ್ಚು ಒಳನಾಡಿನಲ್ಲಿದೆ. ಬರುವ ಹಡಗು ಇಷ್ಟು ದೂರ ನದಿಯನ್ನು ಏರಿ ಬರಬೇಕಾದರೆ ಎರಡು ಸಂಗತಿಗಳು ಬೇಕು: ನದಿಯಲ್ಲಿ ಆಳ, ದಾರಿಯಲ್ಲಿ ಸುಂಕದ ಕಾಟವಿಲ್ಲದಿರುವುದು. ಮೊದಲನೆಯದಕ್ಕಾಗಿ ನಗರವು ಇಂದಿಗೂ ಹೂಳೆತ್ತುತ್ತಿದೆ. ಎರಡನೆಯದಕ್ಕಾಗಿ ಅದು ಒಂದು ಕಾಗದವನ್ನು ನಂಬಿತು.

1189ರ ಮೇ 7ರಂದು ಸಾಮ್ರಾಟ ಫ್ರೆಡರಿಕ್ ಬಾರ್ಬರೋಸನು ಎಲ್ಬೆಯ ಕೆಳಭಾಗದಲ್ಲಿ ಹ್ಯಾಂಬರ್ಗಿನ ಹಡಗುಗಳಿಗೆ ಸುಂಕ ವಿನಾಯಿತಿ ನೀಡಿದನೆಂಬುದು ಪ್ರತೀತಿ. ಇಂದಿಗೂ ಆ ದಿನವನ್ನು ಬಂದರಿನ ಹುಟ್ಟುಹಬ್ಬವೆಂದು ಜನ ಸಂಭ್ರಮದಿಂದ ಆಚರಿಸುತ್ತಾರೆ. ಆದರೆ ಉಳಿದುಬಂದಿರುವ ಸನ್ನದು ಅಂದಿನದಲ್ಲ, ಹದಿಮೂರನೆಯ ಶತಮಾನದಲ್ಲಿ ನಗರದವರೇ ಬರೆಸಿಕೊಂಡದ್ದು ಎಂದು ಇತಿಹಾಸಕಾರರು ನಿರ್ಣಯಿಸಿದ್ದಾರೆ. ಪ್ರಾಮಾಣಿಕತೆಗೆ ಹೆಸರಾದ ವರ್ತಕರ ಊರಿನ ಜಾತಕವೇ ಖೋಟಾ! ಹ್ಯಾಂಬರ್ಗಿನವರು ಇದನ್ನು ಬಚ್ಚಿಡುವುದಿಲ್ಲ, ನಗುತ್ತಲೇ ಒಪ್ಪಿಕೊಳ್ಳುತ್ತಾರೆ. ಯಾವ ನಗರದ ಸಂಪತ್ತೂ ಸಂಪೂರ್ಣ ನಿರ್ಮಲವಾದ ಮೂಲದಿಂದ ಬಂದುದಲ್ಲ. ಮೂಲ ಹೇಗೇ ಇರಲಿ, ಮುಂದೆ ಎಂಥ ನಡವಳಿಕೆಯನ್ನು ರೂಢಿಸಿಕೊಂಡರು ಎಂಬುದೇ ಪರಿಗಣನೆಗೆ ಬರಬೇಕಾದ ವಿಷಯ.

1241ರಲ್ಲಿ ಹ್ಯಾಂಬರ್ಗ್ ಬಾಲ್ಟಿಕ್ ಕಡೆಯ ಲ್ಯೂಬೆಕ್ ನಗರದೊಡನೆ ಪರಸ್ಪರ ರಕ್ಷಣೆಯ ಒಪ್ಪಂದ ಮಾಡಿಕೊಂಡಿತು. ಉತ್ತರ ಯೂರೋಪಿನ ವರ್ತಕ ನಗರಗಳ ಹಾನ್ಸಾ ಒಕ್ಕೂಟಕ್ಕೆ ಇಂತಹ ಒಪ್ಪಂದಗಳೇ ಬುನಾದಿಯಾದವು. ಒಕ್ಕೂಟದೊಳಗೆ ಹ್ಯಾಂಬರ್ಗ್ ಬಿಯರ್ ತಯಾರಿಕೆಗೆ ಹೆಸರಾಯಿತು. ಪಕ್ಕದ ಊರಿನ ವರ್ತಕ ಪ್ರತಿಸ್ಪರ್ಧಿಯೂ ಹೌದು, ಕಳ್ಳರಿಂದ ದಾರಿಯನ್ನು ಕಾಯುವಾಗ ಪಾಲುದಾರನೂ ಹೌದು ಎಂಬ ವಿವೇಕವನ್ನು ಈ ನಗರಗಳು ಬಹು ಬೇಗನೆ ಕಲಿತವು.

ಅರಸನಿಲ್ಲದ ಊರಿನ ಸಂಸ್ಥೆಗಳು

ಪ್ಯಾರಿಸ್, ವಿಯೆನ್ನಾ ಮೊದಲಾದ ರಾಜಧಾನಿಗಳ ಚಹರೆಯನ್ನು ಅರಮನೆಗಳು ರೂಪಿಸಿದವು. ಹ್ಯಾಂಬರ್ಗಿನಲ್ಲಿ ಅರಮನೆಯಿಲ್ಲ; ಅರಸನೂ ಇರಲಿಲ್ಲ. ಮಧ್ಯಯುಗದಿಂದ ಬಹುಕಾಲ ಕುಲೀನ ಶ್ರೀಮಂತರು ಕೋಟೆಯೊಳಗೆ ಸ್ವತ್ತು ಹೊಂದುವುದಕ್ಕೂ ಅವಕಾಶವಿರಲಿಲ್ಲ. ಪರಸ್ಥಳದ ಪ್ರಭುಗಳು ಕೊಡುವ ಬಿರುದು ಪದಕಗಳನ್ನು ನಗರದ ಆಡಳಿತಗಾರರು ಸ್ವೀಕರಿಸಬಾರದೆಂಬ ಸಂಪ್ರದಾಯ ಬೆಳೆಯಿತು. ಇದೇ ಊರಿನಲ್ಲಿ ಹುಟ್ಟಿ ಜರ್ಮನಿಯ ಚಾನ್ಸಲರರಾದ ಹೆಲ್ಮುಟ್ ಸ್ಮಿಟ್ ಅವರು ರಾಷ್ಟ್ರದ ಅತ್ಯುನ್ನತ ಪದಕವನ್ನು ನಿರಾಕರಿಸಿದ್ದು ಈ ಸಂಪ್ರದಾಯಕ್ಕೆ ಅನುಸಾರವಾಗಿಯೇ. ಮಾನವೆಂಬುದು ಮೇಲಿನವರು ಕೊಡುವ ವಸ್ತುವಲ್ಲ, ನೆರೆಹೊರೆಯ ವರ್ತಕರ ವಿಶ್ವಾಸದಿಂದ ಬರುವಂಥದು ಎಂಬ ತಿಳಿವಳಿಕೆ ಇದರ ಹಿಂದಿದೆ.

ಅರಸನಿಲ್ಲದ ಮೇಲೆ ರಕ್ಷಣೆಯ ವ್ಯವಸ್ಥೆಯನ್ನು ವರ್ತಕರೇ ಮಾಡಿಕೊಳ್ಳಬೇಕಾಯಿತು. 1558ರಲ್ಲಿ ವಿನಿಮಯ ಕೇಂದ್ರ ಆರಂಭವಾಯಿತು. ನಾಣ್ಯಗಳ ಕಲಬೆರಕೆಯಿಂದ ವ್ಯಾಪಾರ ಕೆಡುತ್ತಿದ್ದ ಕಾಲದಲ್ಲಿ, 1609ರ ಆಮ್‌ಸ್ಟರ್‌ಡ್ಯಾಮ್ ಬ್ಯಾಂಕಿನ ಮಾದರಿಯನ್ನು ಅನುಸರಿಸಿ, 1619ರಲ್ಲಿ ಹ್ಯಾಂಬರ್ಗ್ ಬ್ಯಾಂಕ್ ಸ್ಥಾಪನೆಗೊಂಡಿತು. ನಾಣ್ಯಗಳ ಚೀಲ ಹೊರದೆ, ಒಂದು ಖಾತೆಯಿಂದ ಮತ್ತೊಂದು ಖಾತೆಗೆ ಬರೆದು ಹಣ ಸಂದಾಯ ಮಾಡುವ ಅನುಕೂಲವನ್ನು ಅದು ಒದಗಿಸಿತು. ಉತ್ತರ ಆಫ್ರಿಕದ ಕಡಲ್ಗಳ್ಳರು ನಾವಿಕರನ್ನು ಹಿಡಿದು ಗುಲಾಮರನ್ನಾಗಿ ಮಾರುತ್ತಿದ್ದರು. ಅವರನ್ನು ಹಣ ಕೊಟ್ಟು ಬಿಡಿಸಲು 1624ರಲ್ಲಿ ಒಂದು ನಿಧಿ ಏರ್ಪಟ್ಟಿತು. ಹಡಗು ಹೊರಡುವ ಮುನ್ನವೇ ವಂತಿಗೆ ಕಟ್ಟಿ, ಆಪತ್ತು ಬಂದಾಗ ನೆರವು ಪಡೆಯುವ ಈ ಕ್ರಮ ವಿಮೆಯ ಪೂರ್ವರೂಪಗಳಲ್ಲೊಂದು. 1676ರಲ್ಲಿ ಸ್ಥಾಪಿತವಾದ ಅಗ್ನಿನಿಧಿಯನ್ನು ಜಗತ್ತಿನ ಅತಿ ಹಳೆಯ ವಿಮಾ ಸಂಸ್ಥೆಯೆಂದು ಗಣಿಸಲಾಗಿದೆ.

1665ರಲ್ಲಿ ಸಮುದ್ರ ವ್ಯಾಪಾರಿಗಳು ತಮ್ಮದೇ ಪ್ರತಿನಿಧಿ ಮಂಡಳಿಯನ್ನು ರಚಿಸಿಕೊಂಡರು. ನಗರಸಭೆಯು ಹಡಗುಗಳ ರಕ್ಷಣೆಗೆ ಸಾಕಷ್ಟು ಗಮನ ಕೊಡುತ್ತಿಲ್ಲವೆಂಬ ಅಸಮಾಧಾನವೇ ಇದಕ್ಕೆ ಪ್ರೇರಣೆ. ಕೆಲವೇ ವರ್ಷಗಳಲ್ಲಿ ನಗರವು ವಾಣಿಜ್ಯ ಹಡಗುಗಳ ಬೆಂಗಾವಲಿಗೆ ಎರಡು ಯುದ್ಧನೌಕೆಗಳನ್ನು ಕಟ್ಟಿಸಿತು. ಇದೇ ಮಂಡಳಿ 1867ರಲ್ಲಿ ಇಂದಿನ ವಾಣಿಜ್ಯ ಮಂಡಳಿಯ ರೂಪ ತಾಳಿತು. 1735ರಲ್ಲಿಯೇ ಅದು ತನ್ನ ಗ್ರಂಥಾಲಯವನ್ನು ತೆರೆದಿತ್ತೆಂಬುದು ಗಮನಾರ್ಹ. ಭೂಪಟ, ಪರಸ್ಥಳದ ಕಾನೂನು, ತೂಕ ಅಳತೆ, ನಾಣ್ಯ ಇವುಗಳ ಜ್ಞಾನವೂ ಬಂಡವಾಳವೇ ಎಂದು ಆ ವರ್ತಕರು ಅರಿತಿದ್ದರು.

ಹೊರಗಿನವರು ತಂದ ಬಂಡವಾಳ

ಹ್ಯಾಂಬರ್ಗಿನ ಏಳಿಗೆ ಅಲ್ಲಿಯ ಮೂಲನಿವಾಸಿಗಳಿಂದ ಮಾತ್ರ ಆದುದಲ್ಲ. 1567ರಲ್ಲಿ ಇಂಗ್ಲಿಷ್ ಬಟ್ಟೆ ವರ್ತಕರಿಗೆ ನಗರವು ನೆಲೆ ಕೊಟ್ಟಿತು. ಹಾನ್ಸಾದ ಇತರ ನಗರಗಳು ಮುನಿಸಿಕೊಂಡವು. ಧಾರ್ಮಿಕ ಹಿಂಸೆಗೆ ಹೆದರಿ ಆಂಟ್‌ವರ್ಪ್ ಬಿಟ್ಟು ಬಂದ ಡಚ್ ಕುಟುಂಬಗಳಲ್ಲಿ ಬೆರೆನ್‌ಬರ್ಗ್ ಮನೆತನವೂ ಒಂದು. 1590ರಲ್ಲಿ ಅದು ತೆರೆದ ವ್ಯಾಪಾರ ಸಂಸ್ಥೆ ಇಂದು ಬ್ಯಾಂಕಾಗಿ ಮುಂದುವರಿದಿದೆ. ಪೋರ್ಚುಗಲ್ಲಿನಿಂದ ಓಡಿಬಂದ ಯಹೂದಿ ವರ್ತಕರು ಸಕ್ಕರೆ, ಸಂಬಾರ ಪದಾರ್ಥಗಳ ವಹಿವಾಟನ್ನೂ ದೂರದೇಶಗಳ ಸಂಪರ್ಕವನ್ನೂ ತಂದರು. 1619ರ ಬ್ಯಾಂಕಿನ ಮೊದಲ ಖಾತೆದಾರರಲ್ಲಿ ಅವರಲ್ಲಿ ಹಲವರಿದ್ದರು.

ಆದರೆ ಹಣವನ್ನು ಬರಮಾಡಿಕೊಂಡಷ್ಟು ಸಲೀಸಾಗಿ ನಗರವು ಮನುಷ್ಯರನ್ನು ಬರಮಾಡಿಕೊಳ್ಳಲಿಲ್ಲ. ಲೂಥರ್ ಪಂಥದವರಲ್ಲದವರ ಬಹಿರಂಗ ಪ್ರಾರ್ಥನೆಗೆ ಅವಕಾಶ ಬಹುಕಾಲ ಸಿಗಲಿಲ್ಲ. 1697ರಲ್ಲಿ ಪೋರ್ಚುಗೀಸ್ ಯಹೂದಿಗಳ ಮೇಲೆ ಭಾರಿ ತೆರಿಗೆ ಹೇರಿದಾಗ ಅವರಲ್ಲಿ ಸ್ಥಿತಿವಂತರು ಊರು ಬಿಟ್ಟರು. ಪಕ್ಕದಲ್ಲೇ ಇದ್ದ, ಡೆನ್ಮಾರ್ಕಿನ ಅರಸನ ಆಳ್ವಿಕೆಗೆ ಸೇರಿದ್ದ ಆಲ್ಟೋನಾ ಪಟ್ಟಣ ಇಂಥವರಿಗೆ ಬಾಗಿಲು ತೆರೆದಿಟ್ಟಿತ್ತು. ಅಲ್ಲಿಯ ‘ಮಹಾ ಸ್ವಾತಂತ್ರ್ಯ’ ಎಂಬ ಬೀದಿಗೆ ಆ ಹೆಸರು ಬಂದುದು ಅಲ್ಲಿ ದೊರೆತ ಧರ್ಮ ಹಾಗೂ ಕಸುಬಿನ ಸ್ವಾತಂತ್ರ್ಯದಿಂದ. ಅನ್ಯರನ್ನು ಹಿಂಡಿ ಬೊಕ್ಕಸ ತುಂಬಿಕೊಳ್ಳಲು ಹೊರಟ ಊರಿನಿಂದ ಬಂಡವಾಳ ಒಂದು ಬೀದಿ ದಾಟಿ ಆಚೆ ಹೋಗಲು ಹೆಚ್ಚು ಕಾಲ ಬೇಡ.

ಲಾಭದ ಹಣ ಹರಿದ ದಾರಿ

ಅರಸನಿಲ್ಲದ ಊರಿನಲ್ಲಿ ಕಲೆಗೆ ಆಶ್ರಯ ಕೊಡುವವರೂ ನಾಗರಿಕರೇ. 1678ರಲ್ಲಿ ಇಲ್ಲಿ ಆರಂಭವಾದ ಸಂಗೀತ ನಾಟಕಶಾಲೆ ಜರ್ಮನಿಯಲ್ಲಿ ಸಾರ್ವಜನಿಕರಿಗಾಗಿ ತೆರೆದ ಮೊದಲನೆಯದು. ಟಿಕೀಟು ಕೊಂಡವರಿಗೆ ಪ್ರವೇಶ. ತರುಣ ಹ್ಯಾಂಡೆಲ್ ಇಲ್ಲಿಯ ವಾದ್ಯವೃಂದದಲ್ಲಿ ಕೆಲಸ ಮಾಡಿದನು. ಟೆಲೆಮನ್ 1721ರಿಂದ 1767ರಲ್ಲಿ ಸಾಯುವವರೆಗೆ ನಗರದ ಸಂಗೀತ ನಿರ್ದೇಶಕನಾಗಿದ್ದನು. 1765ರಲ್ಲಿ ವಿದ್ವಾಂಸರೂ ವರ್ತಕರೂ ಕೂಡಿ ಲೋಕೋಪಕಾರಕ್ಕಾಗಿ ‘ಪೇಟ್ರಿಯಾಟಿಕ್ ಸೊಸೈಟಿ’ ಎಂಬ ಸಂಘವನ್ನು ಕಟ್ಟಿದರು. ಅದರ ಯತ್ನದಿಂದ 1778ರಲ್ಲಿ ಕೂಲಿಗಾರರೂ ಮನೆಗೆಲಸದವರೂ ಪುಡಿಗಾಸು ಕೂಡಿಡಬಹುದಾದ ಉಳಿತಾಯ ಬ್ಯಾಂಕು ತೆರೆಯಿತು. 1788ರಲ್ಲಿ ವರ್ತಕ ಕ್ಯಾಸ್ಪರ್ ಫೋಕ್ಟ್ ಹಾಗೂ ಅಧ್ಯಾಪಕ ಬ್ಯೂಷ್ ಮುಂತಾದವರು ಬಡವರಿಗೆ ಬರಿಯ ಭಿಕ್ಷೆಯ ಬದಲು ಕೆಲಸ, ಶಿಕ್ಷಣ, ಔಷಧಿ ಒದಗಿಸುವ ಸಂಸ್ಥೆಯನ್ನು ಆರಂಭಿಸಿದರು. ಯೂರೋಪಿನ ಇತರ ನಗರಗಳು ಅದನ್ನು ಮಾದರಿಯಾಗಿ ಕಂಡವು.

ಇಷ್ಟೆಲ್ಲ ಜಮೆಯ ಬದಿಯಾಯಿತು. ಈ ಪುಟವನ್ನಷ್ಟೇ ಓದಿದವನು, ವರ್ತಕರ ಕೈಗೆ ಊರನ್ನು ಒಪ್ಪಿಸಿದರೆ ಎಲ್ಲವೂ ಕ್ಷೇಮವೆಂದು ಭಾವಿಸಬಹುದು. ಮುಂದಿನ ಪುಟ ಹಾಗೆ ಹೇಳುವುದಿಲ್ಲ.

ನೀರಿನಲ್ಲಿ ಉಳಿಸಿದ ಹಣ

1842ರ ಮೇ 5ರಂದು ಹೊತ್ತಿದ ಬೆಂಕಿ ಮೂರು ದಿನಗಳಿಗೂ ಹೆಚ್ಚು ಕಾಲ ಉರಿದು ಹಳೆಯ ಊರಿನ ಬಹುಭಾಗವನ್ನು ಸುಟ್ಟಿತು. 51 ಮಂದಿ ಸತ್ತರು. ಸುಮಾರು 20,000 ಜನ ಮನೆ ಕಳೆದುಕೊಂಡರು. ಹಿಂದಿನ ವರ್ಷವಷ್ಟೇ ತೆರೆದಿದ್ದ ವಿನಿಮಯ ಕೇಂದ್ರದ ಹೊಸ ಕಟ್ಟಡ ಸುತ್ತಲಿನ ಬೂದಿಯ ನಡುವೆ ಉಳಿದುಕೊಂಡಿತು. ಇಂಗ್ಲಿಷ್ ಇಂಜಿನಿಯರ್ ವಿಲಿಯಂ ಲಿಂಡ್ಲೆ ಹೊಸ ಊರಿಗೆ ಒಳಚರಂಡಿಯನ್ನೂ ನಲ್ಲಿ ನೀರಿನ ವ್ಯವಸ್ಥೆಯನ್ನೂ ರೂಪಿಸಿದನು. ಆ ಕಾಲಕ್ಕೆ ಅದು ಯೂರೋಪ್ ಖಂಡಕ್ಕೇ ಹೊಸತು. ಆದರೆ ಎಲ್ಬೆಯಿಂದ ಎತ್ತಿದ ನೀರನ್ನು ಮರಳಿನಲ್ಲಿ ಸೋಸುವ ವ್ಯವಸ್ಥೆ ಆಗಲಿಲ್ಲ.

ಆಲ್ಟೋನಾ ಪಟ್ಟಣ ನದಿಯಲ್ಲಿ ಇನ್ನೂ ಕೆಳಗಿತ್ತು. ಹ್ಯಾಂಬರ್ಗಿನ ಕೊಚ್ಚೆಯೆಲ್ಲ ಬೆರೆತ ಮೇಲಿನ ನೀರೇ ಅದಕ್ಕೆ ಗತಿ. ಆದುದರಿಂದ ಅದು 1859ರಿಂದಲೇ ನೀರನ್ನು ಮರಳಿನಲ್ಲಿ ಸೋಸಿ ಕೊಡುತ್ತಿತ್ತು. ಶ್ರೀಮಂತ ಹ್ಯಾಂಬರ್ಗಿನಲ್ಲಿ ಮಾತ್ರ ಶೋಧಕದ ಖರ್ಚನ್ನು ಯಾರು ಭರಿಸಬೇಕೆಂಬ ಚರ್ಚೆ ವರ್ಷಗಟ್ಟಲೆ ನಡೆಯಿತು. ನಗರ ವಿಧಾನಸಭೆಯ 160 ಸ್ಥಾನಗಳಲ್ಲಿ 40 ಮನೆ ಮಾಲೀಕರಿಗೆ, 40 ಗಣ್ಯರಿಗೆ ಮೀಸಲಾಗಿದ್ದವು. ಉಳಿದ ಅರ್ಧಕ್ಕೆ ಮತ ಹಾಕುವ ಹಕ್ಕಿದ್ದುದೂ ಶುಲ್ಕ ತೆತ್ತು ನಾಗರಿಕತ್ವ ಪಡೆದ ಕೆಲವರಿಗೆ ಮಾತ್ರ. ಬಂದರಿನ ಕೂಲಿಗಾರ ಆ ನೀರನ್ನು ಕುಡಿಯುತ್ತಿದ್ದನೇ ಹೊರತು ಅದರ ಬಗ್ಗೆ ಮಾತನಾಡುವ ಹಕ್ಕು ಪಡೆದಿರಲಿಲ್ಲ. ಕೊನೆಗೂ ಶೋಧಕಕ್ಕೆ ಒಪ್ಪಿಗೆ ದೊರೆತು ಕಾಮಗಾರಿ ನಡೆಯುತ್ತಿರುವಾಗಲೇ ಕಾಲ ಮೀರಿತು.

1892ರ ಆಗಸ್ಟ್ ತಿಂಗಳ ಮಧ್ಯದಲ್ಲಿ ಕಾಲರಾ ಕಾಣಿಸಿಕೊಂಡಿತು. ರೋಗವನ್ನು ಅಧಿಕೃತವಾಗಿ ಒಪ್ಪಿಕೊಳ್ಳಲು ನಗರವು ಅಮೂಲ್ಯವಾದ ದಿನಗಳನ್ನು ಕಳೆಯಿತು. ಕಾಲರಾ ಎಂದು ಘೋಷಿಸಿದರೆ ಪರದೇಶದ ಬಂದರುಗಳು ಹ್ಯಾಂಬರ್ಗಿನ ಹಡಗುಗಳಿಗೆ ಬಾಗಿಲು ಮುಚ್ಚುತ್ತವೆಂಬ ಭಯ. ಆ ದಿನಗಳಲ್ಲಿ ವಲಸೆಗಾರರನ್ನು ಹೊತ್ತು ನ್ಯೂಯಾರ್ಕಿಗೆ ಹೊರಟ ಹಡಗಿನಲ್ಲಿ ಹಾದಿಯಲ್ಲೇ ಹಲವರು ಸತ್ತರು. ಊರಿನಲ್ಲಿ ಕೆಲವೇ ವಾರಗಳಲ್ಲಿ ಸುಮಾರು 8,600 ಮಂದಿ ಪ್ರಾಣ ಕಳೆದುಕೊಂಡರು. ಗಡಿಯ ಬೀದಿಯ ಒಂದು ಬದಿಯಲ್ಲಿ ಸಾವು, ಆಲ್ಟೋನಾದ ಬದಿಯಲ್ಲಿ ಬಹುತೇಕ ಕ್ಷೇಮ. ಹ್ಯಾಂಬರ್ಗಿನ ಗಡಿಯೊಳಗಿದ್ದೂ ಆಲ್ಟೋನಾದ ಕೊಳಾಯಿಯಿಂದ ನೀರು ಪಡೆಯುತ್ತಿದ್ದ ಒಂದು ವಠಾರಕ್ಕೆ ರೋಗ ತಗುಲಲೇ ಇಲ್ಲ. ಕೇಂದ್ರ ಸರ್ಕಾರ ಕಳುಹಿಸಿದ ವಿಜ್ಞಾನಿ ರಾಬರ್ಟ್ ಕಾಖ್ ಅವರಿಗೆ ಇದಕ್ಕಿಂತ ಸ್ಪಷ್ಟವಾದ ಪುರಾವೆ ಬೇಕಿರಲಿಲ್ಲ.

ಇಲ್ಲಿ ಯಾವ ವರ್ತಕನೂ ತೂಕದಲ್ಲಿ ಮೋಸ ಮಾಡಿರಲಿಲ್ಲ. ಯಾರೂ ಹುಂಡಿಯ ವಾಯಿದೆ ತಪ್ಪಿಸಿರಲಿಲ್ಲ. ವೈಯಕ್ತಿಕ ವ್ಯವಹಾರದಲ್ಲಿ ಅವರೆಲ್ಲ ಮಾನವಂತರೇ. ಮಿತವ್ಯಯವೆಂಬ ವರ್ತಕನ ಸದ್ಗುಣವೇ ಊರಿನ ಪಾಲಿಗೆ ವಿಷವಾಯಿತು. ಬಂದರನ್ನು ಉಳಿಸಲೆಂದು ಸತ್ಯವನ್ನು ತಡೆಹಿಡಿದವರು ಬಂದರನ್ನೂ ಉಳಿಸಿಕೊಳ್ಳಲಿಲ್ಲ. ಹ್ಯಾಂಬರ್ಗಿನ ಹಡಗು, ಸರಕು, ಪ್ರಯಾಣಿಕರೆಲ್ಲರನ್ನೂ ಜಗತ್ತು ದೂರವಿಟ್ಟಿತು. 1893ರ ಮೇ ತಿಂಗಳಲ್ಲಿ ಶೋಧಕ ತರಾತುರಿಯಿಂದ ಕೆಲಸ ಆರಂಭಿಸಿತು. 1896ರಲ್ಲಿ ನಾಗರಿಕತ್ವದ ಶುಲ್ಕ ರದ್ದಾಯಿತು. 1900ರಲ್ಲಿ ನಾವಿಕರ ಹಾಗೂ ಉಷ್ಣವಲಯದ ರೋಗಗಳ ಸಂಶೋಧನಾ ಸಂಸ್ಥೆ ತೆರೆಯಿತು. ತಿದ್ದುಪಡಿಗಳೆಲ್ಲ ಶ್ಲಾಘನೀಯ, ಆದರೆ ಅವುಗಳ ಬೆಲೆ ಸಂದಾಯವಾದದ್ದು ಬಡವರ ಕೇರಿಗಳಲ್ಲಿ.

ರಸೀದಿಯಿದ್ದ ಅನ್ಯಾಯ

ಇದಕ್ಕಿಂತಲೂ ಕಪ್ಪಾದ ಪುಟವೊಂದಿದೆ. 1933ರ ನಂತರ ಯಹೂದಿ ವರ್ತಕರ ಅಂಗಡಿ, ಕಾರ್ಖಾನೆ, ಬ್ಯಾಂಕುಗಳು ಅಗ್ಗದ ಬೆಲೆಗೆ ಇತರರ ಕೈ ಸೇರಿದವು. ವಾರ್ಬರ್ಗ್ ಮನೆತನ 1938ರಲ್ಲಿ ತನ್ನ ಬ್ಯಾಂಕನ್ನು ಬಿಟ್ಟುಕೊಡಬೇಕಾಯಿತು. ಯುದ್ಧಕಾಲದಲ್ಲಿ, ಗಡೀಪಾರಾದ ಯಹೂದಿಗಳ ಮನೆಸಾಮಾನುಗಳನ್ನು ಇದೇ ಬಂದರಿನ ಊರಿನಲ್ಲಿ ಬಹಿರಂಗವಾಗಿ ಹರಾಜು ಹಾಕಲಾಯಿತು. ಕೂಗು ಕ್ರಮಬದ್ಧ, ಲೆಕ್ಕ ಚೊಕ್ಕ, ರಸೀದಿ ಸರಿಯಾಗಿತ್ತು. ನಗರದ ಅಂಚಿನ ನಾಯಂಗಾಮೆಯಲ್ಲಿ ಸೆರೆಶಿಬಿರವಿತ್ತು. ನದೀತೀರದ ಹೊಸ ಕಟ್ಟಡಗಳಿಗೆ ಬೇಕಾದ ಇಟ್ಟಿಗೆಗಾಗಿ ನಗರಾಡಳಿತವು 1940ರಲ್ಲಿ ನಾಜಿ ಕಾವಲುಪಡೆಯೊಡನೆ ಒಪ್ಪಂದ ಮಾಡಿಕೊಂಡಿತು. ಆ ಶಿಬಿರದಲ್ಲೂ ಅದರ ಉಪಶಿಬಿರಗಳಲ್ಲೂ ಸತ್ತವರು ಕನಿಷ್ಠ 42,900 ಮಂದಿ. 1943ರ ಜುಲೈ ಕೊನೆಯ ವೈಮಾನಿಕ ದಾಳಿಗಳಲ್ಲಿ ಹ್ಯಾಂಬರ್ಗಿನ 34,000ಕ್ಕೂ ಹೆಚ್ಚು ಜನ ಸುಟ್ಟು ಸತ್ತರೆಂಬುದು ಅದೇ ಕಾಲದ ಮತ್ತೊಂದು ದುರಂತ. ಯುದ್ಧಾನಂತರ ನಾಯಂಗಾಮೆಯ ನೆಲದಲ್ಲಿ ಸೆರೆಮನೆ ನಡೆಯಿತು. ಅದರ ಕೊನೆಯ ಭಾಗ ತೆರವಾದುದು 2006ರಲ್ಲಿ. ಊರು ತನ್ನ ಪಾಪವನ್ನು ನೋಡಿಕೊಳ್ಳಲು ಅಷ್ಟು ಕಾಲ ಬೇಕಾಯಿತು.

ಒಪ್ಪಂದದ ಪಾಲನೆಯೇ ಮಾನವೆಂದು ತಿಳಿದ ವರ್ತಕನಿಗೆ ಈ ಪುಟ ಕಠಿಣವಾದ ಪ್ರಶ್ನೆಯನ್ನೊಡ್ಡುತ್ತದೆ. ಒಪ್ಪಂದ ಯಾರೊಡನೆ, ಸರಕು ಯಾರದು, ಅದನ್ನು ತಯಾರಿಸಿದ ಕೈಗಳು ಯಾರವು ಎಂದು ಕೇಳದಿದ್ದರೆ ಅಚ್ಚುಕಟ್ಟಾದ ಲೆಕ್ಕವೂ ಅನ್ಯಾಯದ ದಾಖಲೆಯಾಗಿಬಿಡುತ್ತದೆ.

ಇಂದಿನ ನಗರ, ಇಂದಿನ ಮಂಡಳಿ

1888ರಲ್ಲಿ ಹ್ಯಾಂಬರ್ಗ್ ಜರ್ಮನಿಯ ಸುಂಕ ವ್ಯವಸ್ಥೆಗೆ ಸೇರಿದಾಗ ಸುಂಕಮುಕ್ತ ಬಂದರು ಪ್ರದೇಶವನ್ನು ಉಳಿಸಿಕೊಂಡಿತು. ಅದಕ್ಕಾಗಿ ಕಟ್ಟಿದ ಕೆಂಪು ಇಟ್ಟಿಗೆಯ ಉಗ್ರಾಣಗಳ ಸಾಲಿಗಾಗಿ ಸಾವಿರಾರು ಕುಟುಂಬಗಳನ್ನು ಒಕ್ಕಲೆಬ್ಬಿಸಲಾಯಿತು. ಕಾಫಿ, ಚಹಾ, ಕೋಕೋ, ಸಂಬಾರ, ರತ್ನಗಂಬಳಿಗಳು ಅಲ್ಲಿ ತುಂಬಿರುತ್ತಿದ್ದವು. 1887ರಲ್ಲಿ ಕಾಫಿಯ ವಿನಿಮಯ ಕೇಂದ್ರವೂ ಆರಂಭವಾಗಿತ್ತು. ಭಾರತದ ಕಾಫಿಯ ಬಹುಪಾಲು ಬೆಳೆಯುವುದು ಕೊಡಗು, ಚಿಕ್ಕಮಗಳೂರು, ಹಾಸನಗಳಲ್ಲಿ. ಅದನ್ನು ಕೊಳ್ಳುವ ಮುಖ್ಯ ದೇಶಗಳಲ್ಲಿ ಜರ್ಮನಿಯೂ ಒಂದು. ಮಲೆನಾಡಿನ ಬೆಳೆಗಾರನಿಗೂ ಎಲ್ಬೆಯ ದಂಡೆಗೂ ಇರುವ ನಂಟು ಹೊಸದೇನಲ್ಲ. ಸುಂಕಮುಕ್ತ ಪ್ರದೇಶ 2013ರ ಜನವರಿ 1ರಂದು ಕೊನೆಗೊಂಡಿತು. 2015ರಲ್ಲಿ ಉಗ್ರಾಣಗಳ ಸಾಲು ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು.

ಹಳೆಯ ಉಗ್ರಾಣವೊಂದರ ಮೇಲೆಯೇ ಕಟ್ಟಿದ ಎಲ್ಬೆ ಸಂಗೀತ ಭವನ 2017ರ ಜನವರಿಯಲ್ಲಿ ತೆರೆಯಿತು. ನಗರದ ಪಾಲಿನ ಖರ್ಚು 7.7 ಕೋಟಿ ಯೂರೊ ಎಂದಿದ್ದ ಅಂದಾಜು 78.9 ಕೋಟಿಗೆ ಏರಿತು. ಇದು ದೊಡ್ಡ ಹಗರಣವೇ ಆಯಿತು. ವಿಧಾನಸಭೆಯ ಸಮಿತಿ ವಿಚಾರಣೆ ನಡೆಸಿ, ತಪ್ಪುಗಳನ್ನು ಹೆಸರಿಟ್ಟು ಬಹಿರಂಗಪಡಿಸಿತು. ತಪ್ಪು ಲೆಕ್ಕಕ್ಕಿಂತ ಮುಚ್ಚಿಟ್ಟ ಲೆಕ್ಕ ಅಪಾಯಕಾರಿ ಎಂಬ 1892ರ ಪಾಠವನ್ನು ಊರು ಮರೆತಿಲ್ಲವೆಂದು ಭಾವಿಸಲು ಇದು ಆಧಾರ.

ಅದೇ 2017ರಲ್ಲಿ ವಾಣಿಜ್ಯ ಮಂಡಳಿಯಲ್ಲೂ ಕ್ರಾಂತಿಯಾಯಿತು. ಕಡ್ಡಾಯ ಸದಸ್ಯತ್ವ ಶುಲ್ಕವನ್ನು ತೆಗೆದುಹಾಕುವೆವೆಂದು ಭರವಸೆಯಿತ್ತ ಬಂಡಾಯಗಾರರ ಗುಂಪು 58 ಸ್ಥಾನಗಳಲ್ಲಿ 55ನ್ನು ಗೆದ್ದುಕೊಂಡಿತು. ಮಂಡಳಿ ದೊಡ್ಡ ಸಂಸ್ಥೆಗಳದ್ದೇ ಆಗಿಬಿಟ್ಟಿದೆ, ಸಣ್ಣವರ ಹಣ ಬೇಕು ಮಾತು ಬೇಡ ಎಂಬ ದೂರಿನಲ್ಲಿ ಹುರುಳಿತ್ತು. ಆದರೆ ಕಾನೂನಿನ ಚೌಕಟ್ಟಿನಲ್ಲಿ ಭರವಸೆಯನ್ನು ಈಡೇರಿಸಲಾಗಲಿಲ್ಲ. ಗೆದ್ದವರಲ್ಲೇ ಒಡಕು ಮೂಡಿತು. 2020ರ ಚುನಾವಣೆಯಲ್ಲಿ ಅವರು ನೆಲೆ ಕಳೆದುಕೊಂಡರು. ಸಣ್ಣ ಉದ್ಯಮಿಗಳ ದನಿಗೆ ಕಿವಿಗೊಡದ ಮಂಡಳಿಗೂ, ನೆರವೇರಿಸಲಾಗದ ಮಾತು ಕೊಟ್ಟ ನಾಯಕರಿಗೂ ಇದು ಸಮಾನವಾದ ಎಚ್ಚರಿಕೆ.

ಎರಡು ಬದಿಯ ಲೆಕ್ಕ

ಹ್ಯಾಂಬರ್ಗಿನ ವಿನಿಮಯ ಕೇಂದ್ರ ಹಾಗೂ 1897ರಲ್ಲಿ ಪೂರ್ಣಗೊಂಡ ನಗರ ಭವನ ಬೆನ್ನಿಗೆ ಬೆನ್ನು ಕೊಟ್ಟು ನಿಂತಿವೆ. ನಡುವೆ ಒಂದೇ ಅಂಗಳ. ವ್ಯಾಪಾರವೂ ಆಡಳಿತವೂ ಒಂದೇ ಅಂಗಳವನ್ನು ಹಂಚಿಕೊಂಡಾಗ ಬ್ಯಾಂಕು, ವಿಮೆ, ಗ್ರಂಥಾಲಯ, ಸಂಗೀತಶಾಲೆ ಹುಟ್ಟಬಲ್ಲವು. ಆ ಅಂಗಳಕ್ಕೆ ಕೂಲಿಗಾರನಿಗೂ ಅನ್ಯನಿಗೂ ಪ್ರವೇಶವಿಲ್ಲವೆಂದಾದರೆ ಸೋಸದ ನೀರೂ ಮುಚ್ಚಿಟ್ಟ ಸುದ್ದಿಯೂ ಹುಟ್ಟಬಲ್ಲವು. ಕಟ್ಟಡ ಎರಡಕ್ಕೂ ಒಂದೇ. ಬಾಗಿಲು ಯಾರಿಗೆ ತೆರೆದಿದೆ ಎಂಬುದರಲ್ಲೇ ವ್ಯತ್ಯಾಸ.

ವ್ಯಾಪಾರದ ಊರಿಗೆ ಮಾನವೆಂಬುದು ಸಾಲ ಹುಟ್ಟಿಸುವ ಪತ್ತಿನಂತೆ. ಗಳಿಸಲು ತಲೆಮಾರುಗಳು ಬೇಕು, ಕಳೆಯಲು ಒಂದು ಬೇಸಿಗೆ ಸಾಕು. ಯಾವುದೇ ಊರಿನ ವಾಣಿಜ್ಯ ಮಂಡಳಿಯು ಸುಂಕ ಇಳಿಸಿರೆಂದು ಸರ್ಕಾರವನ್ನು ಕೇಳುವುದು ನ್ಯಾಯ. ಕಾರ್ಖಾನೆಯ ಕೊಚ್ಚೆ ಯಾವ ಕೆರೆಗೆ ಹರಿಯುತ್ತಿದೆ, ಸರಕು ಹೊರುವವನು ಎಂಥ ನೀರು ಕುಡಿಯುತ್ತಿದ್ದಾನೆ ಎಂದು ತನ್ನ ಸದಸ್ಯರನ್ನು ಕೇಳುವುದೂ ಅಷ್ಟೇ ನ್ಯಾಯ. ಮೊದಲ ಪ್ರಶ್ನೆಯನ್ನು ಎಲ್ಲ ಮಂಡಳಿಗಳೂ ಕೇಳುತ್ತವೆ. ಎರಡನೆಯದನ್ನು ಕೇಳುವ ಧೈರ್ಯವಿದ್ದ ಮಂಡಳಿಗೆ ಮಾತ್ರ ‘ಮಾನವಂತ’ ಎಂಬ ವಿಶೇಷಣ ಸಲ್ಲುತ್ತದೆ.